ಮುತೋಬ ಶಾಲೆಯ ನಾಲ್ಕನೆಯವಳು

ಹೆಡ್‌ಮೇಷ್ಟ್ರು ಜೆರೆ ಸೈಕಲ್ಲಿನಿಂದ ಇಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಮೇಡಂ ಕಬಾಸೊ, ಒಂದು ನಿಮಿಷ ಬರ್ತೀರಾ?" ಎಂದಾಗಲೇ ಲೊಂಬೆಗೆ ತನಗೆ ಸರ್ಕಾರಿ ಕೆಲಸ ಸಿಕ್ಕಿಲ್ಲವೆಂದು ಗೊತ್ತಾಗಿಹೋಯಿತು.

ನಾಲ್ಕು ವರ್ಷದಲ್ಲಿ ಅವರು ಒಂದು ದಿನವೂ ಅವಳನ್ನು ಮೇಡಂ ಎಂದವರಲ್ಲ. ಅವರು ಪೂರ್ವದ ಕಡೆಯ ಎಂಗೋನಿ ಬುಡಕಟ್ಟಿನವರು, ಅವಳು ಬೆಂಬಾ. ಮುತ್ತಜ್ಜಂದಿರ ಕಾಲದಲ್ಲಿ ಈ ಎರಡು ಬುಡಕಟ್ಟಿನವರು ಈಟಿ ಹಿಡಿದು ಬಡಿದಾಡಿದ್ದರು. ಆಮೇಲೆ ಸಾಕಾಗಿ, ಇನ್ನು ಮುಂದೆ ಮಾತಿನಲ್ಲಷ್ಟೇ ತಿವಿದುಕೊಳ್ಳೋಣ ಎಂದು ನಂಟರಾದರು. ಆವತ್ತಿನಿಂದ ಎಂಗೋನಿ ಏನಂದರೂ ಬೆಂಬಾ ಸಿಟ್ಟಾಗುವಂತಿಲ್ಲ. ಎಂಗೋನಿಯ ಕೈಯಿಂದ ಬೆಂಬಾ ಏನು ಕಿತ್ತುಕೊಂಡರೂ ಅವನು ವಾಪಸು ಕೇಳುವಂತಿಲ್ಲ. ಸಾವಿನ ಮನೆಯಲ್ಲೂ ಈ ನಂಟು ಬಿಡುವುದಿಲ್ಲ. ಬೆಂಬಾ ಹೆಣ ಮನೆಯಿಂದ ಹೊರಟರೆ ಎಂಗೋನಿಯೊಬ್ಬ ದಾರಿಗೆ ಅಡ್ಡ ಮಲಗಿ, ಏನಾದರೂ ಕೊಟ್ಟರೆ ಮಾತ್ರ ಏಳುತ್ತೇನೆಂದು ಹಟ ಮಾಡಿ, ಅಳುವವರನ್ನು ನಗಿಸಬೇಕು.

ಹಾಗಾಗಿ ಮುತೋಬ ಶಾಲೆಯ ಬೆಳಗು ಶುರುವಾಗುತ್ತಿದ್ದುದೇ ಬೈಗುಳದಿಂದ. ಬೆಂಬಾ ಕೋತಿ ತಿನ್ನುವವರೆಂದು ಎಂಗೋನಿ ಹಂಗಿಸಬೇಕು, ಎಂಗೋನಿ ಇಲಿ ತಿನ್ನುವವರೆಂದು ಬೆಂಬಾ. "ಏನೇ ಕೋತಿ ತಿನ್ನೋಳೇ, ಗಂಟೆ ಹೊಡೆದಿದ್ದು ಕೇಳಿಸ್ಲಿಲ್ವಾ? ಮರದ ಮೇಲಿದ್ಯಾ?" ಎಂದು ಜೆರೆ. "ಬಂದೆ ಮೇಷ್ಟ್ರೇ, ನಿಮ್ಮ ಜೇಬಿಂದ ಇಲಿ ಬಾಲ ಹೊರಗೆ ಕಾಣ್ತಿದೆ, ಒಳಗೆ ಹಾಕ್ಕೊಳಿ" ಎಂದು ಲೊಂಬೆ. ಮಕ್ಕಳು ಪ್ರಾರ್ಥನೆಯ ಸಾಲಿನಲ್ಲೇ ಕಿಸಕ್ಕೆಂದು ನಗುತ್ತಿದ್ದವು.

ಅಂಥವರು ಇವತ್ತು ಮೇಡಂ ಎಂದರೆ ಇನ್ನು ಕೇಳುವುದೇನಿದೆ?

ಲೊಂಬೆ ರಾಜಧಾನಿ ಲುಸಾಕದಲ್ಲಿ ನಾಲ್ಕು ವರ್ಷ ಓದಿ ಪದವಿ ಪಡೆದವಳು. ತಾಯಿ ಜಿಲ್ಲಾ ಊರಿನ ಬಸ್‌ ನಿಲ್ದಾಣದಲ್ಲಿ ಹಿಟ್ಟಿನ ಬೋಂಡ ಕರಿದು ಮಾರಿ ಓದಿಸಿದ್ದಳು. ಪದವಿ ಬಂದ ವರ್ಷ ಅರ್ಜಿ ಹಾಕಿದಾಗ, ಯಾವುದಾದರೂ ಶಾಲೆಯಲ್ಲಿ ಸುಮ್ಮನೆ ಪಾಠ ಮಾಡಿಕೊಂಡಿರು, ಸರ್ಕಾರ ಜನ ತೆಗೆದುಕೊಳ್ಳುವಾಗ ಕಣ್ಣಿಗೆ ಬೀಳುತ್ತೀಯ ಎಂದು ಎಲ್ಲರೂ ಹೇಳಿದರು. ಎಲ್ಲರೂ ಹೇಳಿದ್ದನ್ನು ಅವಳು ನಂಬಿದಳು. ಬುದ್ಧಿವಂತ ಮಕ್ಕಳು ಇಂಥದನ್ನೇ ನಂಬುವುದು.

ಮುತೋಬದಲ್ಲಿ ಏಳು ತರಗತಿಗೆ ಮೂರು ಜನ ಮೇಷ್ಟ್ರು ಇದ್ದರು. ಹಳ್ಳಿಯವರು ಶಾಲೆಯ ಉಗ್ರಾಣ ಗುಡಿಸಿ, ಸಾರಿಸಿ, ಅವಳಿಗೆ ಒಂದು ಮಂಚ ಹಾಕಿಕೊಟ್ಟರು. ಸಂಬಳ ಇಲ್ಲ. ಊಟಕ್ಕೆ ಯಾರಾದರೊಬ್ಬರು ಮೆಕ್ಕೆಜೋಳದ ಹಿಟ್ಟು ತರುತ್ತಿದ್ದರು, ಯಾರೋ ಅವರೆ, ಕಾಲ ಬಂದಾಗ, ಆ ಕಡೆಯವರು ಹುರಿದು ತಿನ್ನುವ ಒಣ ಕಂಬಳಿಹುಳು ಒಂದು ಬುಟ್ಟಿ. ಸೋಪು, ಉಪ್ಪು ತಾಯಿಯಿಂದ ಬರುತ್ತಿತ್ತು. ಅವಳು ಏಳನೆಯ ತರಗತಿ ಹಿಡಿದಳು. ಮೊದಲೆಲ್ಲ ಆ ಶಾಲೆಯಿಂದ ವರ್ಷಕ್ಕೆ ಮೂರೋ ನಾಲ್ಕೋ ಮಕ್ಕಳು ಪರೀಕ್ಷೆ ದಾಟಿದರೆ ಹೆಚ್ಚು. ಲೊಂಬೆ ಶಾಲೆ ಬಿಟ್ಟ ಮೇಲೂ ಮಾವಿನ ಮರದ ಕೆಳಗೆ ಕೂರಿಸಿಕೊಂಡು ಪಾಠ ಹೇಳಿದಳು, ಬಾರದವರ ಮನೆಗೇ ಹೋಗಿ ಎಳೆದು ತಂದಳು, ಮಾತು ಮಾತಾಡಿ ಗಂಟಲು ಕಟ್ಟಿಸಿಕೊಂಡಳು. ಹೋದ ವರ್ಷ ಇಪ್ಪತ್ತಾರು ಮಕ್ಕಳು ಕೂತು ಇಪ್ಪತ್ತಾರೂ ಪಾಸಾದವು. ಊರ ಗೌಡ ಕೋಳಿ ಕೊಯ್ಯಿಸಿದ. ಕೋಳಿಯ ಹೊಟ್ಟೆಭಾಗ ಗಂಡಸರಿಗೆ ಮೀಸಲು. ಆವತ್ತು ಅದನ್ನು ತೆಗೆದು ಅವಳ ತಟ್ಟೆಗೆ ಹಾಕಿದರು.

ಆಫೀಸು ಕೋಣೆಯಲ್ಲಿ ಜೆರೆ ಕುರ್ಚಿಯನ್ನು ಅವಳ ಕಡೆಗೆ ಸರಿಸಿ ತಾವು ನಿಂತೇ ಇದ್ದರು.

"ಜಿಲ್ಲಾ ಆಫೀಸಲ್ಲಿ ಪಟ್ಟಿ ಅಂಟಿಸಿದ್ದಾರೆ. ನಿಮ್ಮ ಹೆಸರಿಲ್ಲ."

"ಎರಡು ಸಲ ನೋಡಿದ್ರಾ?"

"ಮೂರು ಸಲ ನೋಡ್ದೆ. ಆಮೇಲೆ ಒಳಗೆ ಹೋಗಿ ಅಧಿಕಾರೀನೇ ಕೇಳ್ದೆ. ಈ ಸಲ ನಾಲ್ಕಕ್ಕಿಂತ ಕಮ್ಮಿ ಮೇಷ್ಟ್ರು ಇರೋ ಶಾಲೆಗೆ ಮೊದಲು ಕೊಟ್ಟಿದ್ದಾರಂತೆ. ಮುತೋಬಕ್ಕೆ ಒಂದೂ ಇಲ್ಲ."

"ನಮ್ಮಲ್ಲಿ ಇರೋದೇ ಮೂರು ಜನ."

 ಜೆರೆ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟರು. ಅದು ಹೋದ ವರ್ಷ ಶಾಲೆಯಿಂದ ಕಳಿಸಿದ್ದ ವಿವರದ ಹಾಳೆಯ ನಕಲು. ಶಾಲೆಯಲ್ಲಿ ಪಾಠ ಮಾಡುವವರು ಎಷ್ಟು ಜನ ಎಂಬಲ್ಲಿ ದಪ್ಪಗೆ ನಾಲ್ಕು ಎಂದು ಬರೆದಿತ್ತು. ಬರಹ ಲೊಂಬೆಯದೇ.

ಮೊದಲ ವರ್ಷ ಆ ಹಾಳೆ ಬಂದಾಗ ಜೆರೆ ಮೂರು ಎಂದು ಬರೆಯುತ್ತಿದ್ದರು. ಲೊಂಬೆ ಬೆನ್ನ ಹಿಂದೆ ನಿಂತು ನೋಡಿದ್ದಳು. ಆಗ ಅವಳು ಪಾಠ ಶುರುಮಾಡಿ ಎರಡು ತಿಂಗಳಾಗಿತ್ತು, ಇದ್ದ ಒಂದೇ ಜೊತೆ ಬೂಟು ಹರಿದಿತ್ತು, ಲೆಕ್ಕಕ್ಕಿಲ್ಲದವಳಾಗಿ ಇರುವುದು ಅವಳಿಗೆ ತುಂಬ ನೋಯುತ್ತಿತ್ತು. "ಇಲಿ ತಿನ್ನೋರಿಗೆ ಮೂರರ ಮೇಲೆ ಎಣಿಸೋಕೆ ಬರಲ್ವಾ?" ಎಂದು ನಗುತ್ತಲೇ ಪೆನ್ನು ಕಿತ್ತುಕೊಂಡು, ಮೂರನ್ನು ಹೊಡೆದು ನಾಲ್ಕು ಮಾಡಿದ್ದಳು. ಕಿತ್ತುಕೊಂಡದ್ದನ್ನು ವಾಪಸು ಕೇಳುವಂತಿಲ್ಲವಲ್ಲ. ಜೆರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಸಹಿ ಹಾಕಿ ಕಳಿಸಿದ್ದರು. ಆಮೇಲೆ ಪ್ರತಿ ವರ್ಷವೂ ಆ ಜಾಗಕ್ಕೆ ಬಂದಾಗ ಅವರೇ ಪೆನ್ನು ಮುಂದೆ ಹಿಡಿಯುತ್ತಿದ್ದರು, ಅವಳು ಕಿತ್ತುಕೊಳ್ಳುತ್ತಿದ್ದಳು. ವರ್ಷದಲ್ಲಿ ಆ ಒಂದು ಗಳಿಗೆ ಅವಳು ನಿಜವಾಗಿ ಟೀಚರಾಗುತ್ತಿದ್ದಳು.

"ನಾಲ್ಕನೇದು ಸಂಬಳದ ಮೇಲೆ ಇಲ್ಲ ಸಾರ್ ಅಂತ ಹೇಳ್ದೆ," ಎಂದರು ಜೆರೆ. "ಹಾಳೇಲಿ ಇದೆಯಲ್ಲ, ನಿಮ್ಮದೇ ಸಹಿ ಇದೆಯಲ್ಲ ಅಂದ. ಇಪ್ಪತ್ತಾರಕ್ಕೆ ಇಪ್ಪತ್ತಾರು ಪಾಸು ಮಾಡಿಸಿದ್ದೀರಿ, ನಿಮಗೇನಪ್ಪಾ ಕೊರತೆ ಅಂದ. ಹೊಗಳಿದ ನನ್ನ. ಕೈ ಕುಲುಕಿದ."

ಲೊಂಬೆ ಹಾಳೆಯನ್ನೇ ನೋಡುತ್ತಿದ್ದಳು. ನಾಲ್ಕು ವರ್ಷ ಬೆನ್ನು ಮುರಿದು ದುಡಿದದ್ದಕ್ಕೆ ಸಿಕ್ಕಿದ ಫಲ, ಇಲ್ಲಿ ಇನ್ನೊಬ್ಬರ ಅಗತ್ಯವಿಲ್ಲ ಎಂಬ ಸರ್ಟಿಫಿಕೇಟು. ಇನ್ನೊಬ್ಬರು ಎಂದರೆ ಅವಳೇ. ಅಧಿಕಾರಿಯನ್ನು ಬೈಯೋಣವೆಂದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 

"ಬೇರೆ ಶಾಲೆಗಾದ್ರೂ?"

"ಈ ಸಲದ ಅರ್ಜೀಲಿ ಮುತೋಬ ಒಂದೇ ಬರೆದಿದ್ದೀರಿ."

ಬರೆದಿದ್ದಳು, ನಿಜ. ನಾಲ್ಕು ವರ್ಷ ನೀರು ಹಾಕಿದ ಗಿಡ ಬಿಟ್ಟು ಯಾರಾದರೂ ಬೇರೆ ಕಡೆ ಕಾಯಿ ಹುಡುಕುತ್ತಾರೆಯೇ?

ಆವತ್ತು ಸಂಜೆ ಬೆಸಾ ಫೋನ್ ಮಾಡಿದಳು. ಬೆಸಾ ಲುಸಾಕದಲ್ಲಿ ಓದುವಾಗ ಲೊಂಬೆಯ ಕೋಣೆಯಲ್ಲೇ ಇದ್ದವಳು. ಪದವಿಯ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ನಾಲ್ಕು ವರ್ಷ ಸಂತೆಯಲ್ಲಿ ಹಳೇ ಬಟ್ಟೆಯ ಗಂಟು ಬಿಚ್ಚಿ ಮಾರಿದ್ದಳು, ಸೀಮೆಸುಣ್ಣ ಮುಟ್ಟಿರಲಿಲ್ಲ. ಅರ್ಜಿಯಲ್ಲಿ, ಯಾರೂ ಹೋಗಲೊಲ್ಲದ ಜೌಗು ಸೀಮೆಯ ಒಂದು ಶಾಲೆಯ ಹೆಸರು ಬರೆದಿದ್ದಳಂತೆ. ಸಿಕ್ಕಿಬಿಟ್ಟಿತ್ತು.

"ಲೊಂಬೆ, ನಿಂದೂ ಬಂದಿರ್ಬೇಕಲ್ವಾ. ನಂಗೆ ಭಯ ಆಗ್ತಿದೆ ಕಣೆ. ಪಾಠದ ಟಿಪ್ಪಣಿ ಹೇಗೆ ಬರೀಬೇಕು ಅನ್ನೋದೇ ಮರ್ತ್ಹೋಗಿದೆ. ನಿನ್ ಹತ್ರ ಇದ್ರೆ ಕಳಿಸ್ತೀಯಾ?"

"ಇದೆ. ಏಳನೇದಕ್ಕೆ ಪೂರ್ತಿ ಇದೆ. ಕಳಿಸ್ತೀನಿ."

"ನಿಂಗೆ ಬೇಡ್ವಾ?"

"ನಂಗೆ ಬಾಯಿಪಾಠ ಆಗಿದೆ" ಎಂದಳು ಲೊಂಬೆ. ಬೆಸಾ ಸೋಮಾರಿಯಲ್ಲ, ಕೆಟ್ಟವಳೂ ಅಲ್ಲ; ಬಿಸಿಲಲ್ಲಿ ನಿಂತು ಅವಳೂ ದುಡಿದವಳೇ. ಅವಳನ್ನು ದ್ವೇಷಿಸಲು ಲೊಂಬೆ ಒಂದು ಗಳಿಗೆ ಪ್ರಯತ್ನಪಟ್ಟಳು, ಆಗಲಿಲ್ಲ.

ಶನಿವಾರ ತಾಯಿಯ ಬಳಿ ಹೋದಳು. ಬಸ್‌ ನಿಲ್ದಾಣದಲ್ಲಿ ತಾಯಿ ಬಾಣಲೆಯ ಮುಂದೆ ಕೂತಿದ್ದಳು. ಮಗಳು ಪದ್ಧತಿಯಂತೆ ಮಂಡಿಯೂರಿ, ಕೈ ತಟ್ಟಿ ನಮಸ್ಕರಿಸಿದ ರೀತಿಯಲ್ಲೇ ತಾಯಿಗೆ ಅರ್ಥವಾಯಿತು. ಒಂದು ಬೋಂಡ ಕಾಗದದಲ್ಲಿ ಸುತ್ತಿ ಕೊಟ್ಟಳು.

"ತಿನ್ನಮ್ಮ ಮೊದ್ಲು."

"ಅಮ್ಮ, ನಾನೇ ಬರ್ದಿದ್ದು. ನನ್ನ ಕೈಯಾರೆ."

ಎಲ್ಲ ಕೇಳಿ ತಾಯಿ ತುಂಬ ಹೊತ್ತು ಹಿಟ್ಟು ಕಲೆಸಿದಳು. "ಇನ್ನೊಂದು ವರ್ಷ ಇರು ಅನ್ನೋಕೆ ನಂಗೆ ಆಸೆ," ಎಂದಳು. "ಆದ್ರೆ ನನ್ ಕಣ್ಣು ಹೊಗೆಗೆ ಹೋಗ್ತಾ ಇದೆ ಕಣಮ್ಮ. ಎಣ್ಣೆ ಕಾದಿದ್ಯೋ ಇಲ್ವೋ ಅಂತ ಕೈ ಹಿಡಿದು ನೋಡ್ತೀನಿ ಈಗ." ಅಂಗೈ ತೋರಿಸಿದಳು. ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳು ಒಡೆದು ಒಣಗಿದ್ದವು. ಲೊಂಬೆ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ಅವಳಿಗೆ ನಾಚಿಕೆಯಾಗಲಿಲ್ಲ, ಬಸ್ಸಿನವರು ನೋಡಿದರೂ.

ಸೋಮವಾರ ಜೆರೆ ಈ ವರ್ಷದ ಖಾಲಿ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದರು. ಮೇಡಂ ಎನ್ನುವುದನ್ನು ಬಿಟ್ಟಿದ್ದರು. ಮತ್ತೆ ಬೈಯುವ ಧೈರ್ಯವೂ ಬಂದಿರಲಿಲ್ಲ.

"ಹೀಗೆ ಮಾಡೋಣ ಲೊಂಬೆ. ಮೂರು ಅಂತ ಬರೆಯೋಣ. ನೀನು ಇದ್ಕೊಂಡೇ ಇರು, ಪಾಠ ಮಾಡ್ತಾನೇ ಇರು. ಯಾರು ಬಂದು ಎಣಿಸ್ತಾರೆ ಇಲ್ಲಿ?"

"ಮಕ್ಕಳು ಪಾಸಾಗ್ತಾರಲ್ಲ ಮೇಷ್ಟ್ರೇ. ಅದನ್ನ ಎಲ್ಲಿ ಮುಚ್ಚಿಡ್ತೀರಿ?"

"ಸ್ವಲ್ಪ ಕಮ್ಮಿ ಪಾಸಾಗ್ಲಿ ಬಿಡು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಡಿದ ಮಾತಿಗೆ ಜೆರೆಗೇ ನಾಚಿಕೆಯಾಗಿ ಮುಖ ತಿರುಗಿಸಿದರು. ಪಕ್ಕದ ಕೋಣೆಯಲ್ಲಿ ಏಳನೆಯ ತರಗತಿಯವರು ಅವಳು ಬರುವವರೆಗೆ ಮಗ್ಗಿ ಹೇಳುತ್ತಿದ್ದರು.

"ಕೆಟ್ಟದಾಗಿ ಪಾಠ ಹೇಳೋದು ನಂಗೆ ಯಾರೂ ಕಲಿಸ್ಲಿಲ್ಲ" ಎಂದಳು ಲೊಂಬೆ. "ನಾನಿದ್ರೆ ಈ ಶಾಲೆಗೆ ಯಾವತ್ತೂ ಇನ್ನೊಂದು ಸಂಬಳ ಬರಲ್ಲ. ಹೋದ್ರೆ ಬರಬಹುದು. ನಂಗೋ ಇನ್ಯಾರಿಗೋ."

ಕೈ ಚಾಚಿದಳು. ಜೆರೆ ಪೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವಳು ಕಿತ್ತುಕೊಂಡು, ಆ ಜಾಗದಲ್ಲಿ ಮೂರು ಎಂದು ಬರೆದಳು. ಜೆರೆ ನಗಲಿಲ್ಲ. ಆದರೆ ವಾಪಸು ಕೇಳಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಹಳ್ಳಿಯವರು ಅವಳ ತಗಡಿನ ಪೆಟ್ಟಿಗೆಯನ್ನು ಒಂದು ಸೈಕಲ್ಲಿನ ಹಿಂದೆ ಕಟ್ಟಿದರು. ಬಸ್ಸಿನ ರಸ್ತೆ ಎರಡು ಗಂಟೆಯ ದಾರಿ. ಹೆಂಗಸರು ಬುಟ್ಟಿಯಲ್ಲಿ ಕಂಬಳಿಹುಳು, ಶೇಂಗಾ ತಂದಿದ್ದರು. ಏಳನೆಯ ತರಗತಿಯ ಮಕ್ಕಳು ಸಾಲಾಗಿ ನಿಂತಿದ್ದವು, ಅವಳು ಕಲಿಸಿದ ಹಾಗೆ, ಎತ್ತರದ ಪ್ರಕಾರ.  ಒಬ್ಬ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಲೊಂಬೆ ಸೈಕಲ್ ತಳ್ಳುತ್ತ ಶಾಲೆಯ ಬಾಗಿಲು ದಾಟಿದಳು. ಜೆರೆ ಎಲ್ಲೂ ಕಾಣಲಿಲ್ಲ. ಮಾವಿನ ಮರದ ತಿರುವಿಗೆ ಬಂದಾಗ ಕಂಡರು.

ಇಸ್ತ್ರಿ ಮಾಡಿದ ಕೋಟು, ಟೈ, ಎಲ್ಲ ಹಾಕಿಕೊಂಡು ಕೆಂಪು ಧೂಳಿನ ದಾರಿಗೆ ಅಡ್ಡಲಾಗಿ ಅಂಗಾತ ಮಲಗಿದ್ದರು.

"ಬಿಡಲ್ಲ," ಎಂದರು ಆಕಾಶ ನೋಡುತ್ತ. "ಈ ಕೋತಿ ತಿನ್ನೋಳು ನಾಲ್ಕು ವರ್ಷ ನನ್ ಶಾಲೆ ಮರ ಹತ್ತಿ ಮಾವಿನಕಾಯಿ ಎಲ್ಲ ತಿಂದ್ಹಾಕಿದ್ದಾಳೆ. ಲೆಕ್ಕ ಹಾಕೋಕೂ ಬರಲ್ಲ ಇವಳಿಗೆ, ಒಂದ್ಸಲ ನಾಲ್ಕು ಅಂತಾಳೆ, ಒಂದ್ಸಲ ಮೂರು ಅಂತಾಳೆ. ಏನಾದ್ರೂ ಕೊಡ್ದೇ ಇಲ್ಲಿಂದ ಹೋಗೋಕೆ ಬಿಡಲ್ಲ."

 ಮೊದಲು ಮುದುಕಿ ನಕ್ಕಳು, ಹೆಂಗಸರು ನಕ್ಕರು, ಮಕ್ಕಳು ನಕ್ಕವು, ನಗುತ್ತ ನಗುತ್ತಲೇ ಕೆಲವು ಮಕ್ಕಳು ಅಳಲು ಶುರುಮಾಡಿದವು. ಹೆಣಕ್ಕೆ ಮಾಡುವ ಮರ್ಯಾದೆಯನ್ನು ಜೆರೆ ತನಗೆ ಮಾಡುತ್ತಿದ್ದಾರೆಂದು ಲೊಂಬೆಗೆ ಗೊತ್ತಾಯಿತು. ಈ ಊರಲ್ಲಿ ಒಬ್ಬ ಟೀಚರಿದ್ದಳು, ಅವಳು ಇನ್ನಿಲ್ಲ ಎಂದು ಯಾರಾದರೂ ಸಾರಿ ಹೇಳಬೇಕಿತ್ತು.

"ಏಳಿ ಮೇಷ್ಟ್ರೇ," ಎಂದಳು.  "ಇಲಿಗಳು ನಿಮ್ಮನ್ನ ಹೆಣ ಅನ್ಕೊಂಡು ಹಳೇ ಸೇಡು ತೀರಿಸ್ಕೋತವೆ."

"ಕೊಡು ಮೊದ್ಲು."

ಜೇಬು ತಡಕಿದಳು. ಕೊಡಲು ಅವಳ ಹತ್ತಿರ ಏನಿತ್ತು? ಬೆರಳಿಗೆ ಒಂದು ಸೀಮೆಸುಣ್ಣದ ತುಂಡು ಸಿಕ್ಕಿತು, ಗುರುವಾರದ ಪಾಠ ಮುಗಿಸಿ ಅಭ್ಯಾಸಬಲದಿಂದ ಹಾಕಿಕೊಂಡದ್ದು. ಬಗ್ಗಿ ಅದನ್ನು ಅವರ ತೆರೆದ ಅಂಗೈಯಲ್ಲಿ ಇಟ್ಟಳು.

ಜೆರೆ ಅದನ್ನು ನೋಡಿದರು. ಅವರಿಗೆ ಏಳುವ ಮನಸ್ಸಿರಲಿಲ್ಲ. ಆದರೆ ಕೊಟ್ಟ ಮೇಲೆ ಏಳಲೇಬೇಕು, ಪದ್ಧತಿ ಹಾಗೆ. ಎದ್ದು, ಕೋಟಿನ ಧೂಳನ್ನೂ ಕೊಡವದೆ, ದಾರಿ ಬಿಟ್ಟು ಪಕ್ಕಕ್ಕೆ ನಿಂತರು.