ಇಪ್ಪತ್ತು ವರ್ಷ ತಿರುಗಿಸದ ವಾಲ್ವ್

ಅಳವಂಡಿಯ ನಮ್ಮ ಓಣಿಗೆ ನಳದ ನೀರು ಬರುವುದು ಐದು ದಿನಕ್ಕೊಮ್ಮೆ. ಬಂದಾಗ ತುಂಬಿಕೊಂಡವರೇ ಜಾಣರು. ಕಿರಾಣಿ ಅಂಗಡಿಯ ಅಂದಪ್ಪನವರು ಮಾಳಿಗೆಯ ಮೇಲೆ ಗಿಡ್ಡನೆಯ ಸಿಮೆಂಟ್ ಟಾಕಿ ಕಟ್ಟಿಸಿದ್ದರು. ಅದರಿಂದ ಅಂಗಳದ ಗೋಡೆಗುಂಟ ಇಳಿದ ಪೈಪಿನ ವಾಲ್ವನ್ನು ಟಾಕಿ ಕಟ್ಟಿಸಿದ ದಿನ ತೆರೆದವರು ಮತ್ತೆ ಮುಟ್ಟಿರಲಿಲ್ಲ.

ಹೋದ ತಿಂಗಳು ಅವರ ಮಗಳು ಶಾಂಭವಿ ಬಾಣಂತನಕ್ಕೆ ಬಂದಳು. ಬಾಣಂತಿ ಮನೆ ಎಂದರೆ ಗೊತ್ತಲ್ಲ, ಎರೆದಷ್ಟೂ ನೀರು ಸಾಲದು. ಅಂದಪ್ಪನವರು ಮುಹೂರ್ತ ನೋಡಿ ನೋಡಿ ಅದೇ ಹೊತ್ತಿಗೆ ಬಚ್ಚಲಿಗೆ ಟೈಲ್ಸ್ ಹಾಕಿಸಲು ಗೌಂಡಿಯನ್ನು ಕರೆಸಿದರು.

ಪಕ್ಕದ ಮನೆಯ ಯಮನೂರಮ್ಮ ನಮ್ಮ ಸ್ವಸಹಾಯ ಸಂಘದವಳು. ಕೊಪ್ಪಳಕ್ಕೆ ಹೋಗಿ ನಳ ಜೋಡಿಸುವ ತರಬೇತಿ ಪಡೆದು ಬಂದವಳು. ಅವಳು ನಟ್ಟು ಬಿಗಿಯುವ ಪಾನಾ ಹಿಡಿದು ಕೆಲಸ ಮಾಡುವುದನ್ನು ನೋಡುತ್ತಲೇ ಇರಬೇಕೆನಿಸುತ್ತದೆ. ಕೂಸನ್ನು ನೋಡಲು ಹೋದವಳ ಕಣ್ಣು ಆ ವಾಲ್ವಿನ ಮೇಲೆ ಬಿತ್ತು.

"ಗ್ವಾಡಿ ಒಡಿಯೂಕಿಂತ ಮೊದ್ಲ ಇದನ್ನ ಬದಲಿ ಮಾಡಸ್ರಿ, ಕಾಕಾ."

"ಇಪ್ಪತ್ತು ವರ್ಷ ಆತು, ಒಂದ್ ಹನಿ ಸೋರಿಲ್ಲವ್ವ."

"ಸೋರಿಲ್ಲ, ಖರೆ. ತಿರುವಿ ನೋಡೀರೇನು?"

ಅಂದಪ್ಪ ನಕ್ಕುಬಿಟ್ಟರು. ಸುಮ್ಮನಿದ್ದದ್ದನ್ನು ಕೆದಕಿ ಇಲ್ಲದ ಉಸಾಬರಿ ಯಾಕೆ ಎಂದರು. ಹೆಣ್ಣುಮಗಳಿಗೆ ನಳದ ವಿದ್ಯೆ ಏನು ತಿಳಿದೀತು ಎಂಬುದೂ ಆ ನಗೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಗೌಂಡಿಯ ಉಳಿ ಗೋಡೆಯೊಳಗಿನ ಪೈಪಿಗೇ ಬಡಿಯಿತು. ನೀರು ಚಿಮ್ಮಿತು. ಅಂದಪ್ಪ ಓಡಿಹೋಗಿ ವಾಲ್ವ್ ತಿರುವಿದರೆ, ತುಕ್ಕು ಹಿಡಿದ ಹಿಡಿ ಮುರಿದು ಕೈಗೆ ಬಂತು. ನಳ ಬರಲು ಇನ್ನೂ ನಾಲ್ಕು ದಿನ. ಒಳಗೆ ಹನ್ನೆರಡು ದಿನದ ಕೂಸು. ಟಾಕಿಯ ನೀರೆಲ್ಲ ಅಂಗಳಕ್ಕೆ ಹರಿಯುತ್ತಿತ್ತು.

ಸುದ್ದಿ ತಿಳಿದು ಯಮನೂರಮ್ಮ ಬಂದಳು. ನಾನು ಹೇಳಿರಲಿಲ್ಲವೇ ಎಂದು ಹಂಗಿಸಲಿಲ್ಲ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿಗೆ ತೊಳೆದ ಬಟ್ಟೆ ಸುತ್ತಿ, ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದಳು. ಅರ್ಧ ಮೈ ಟಾಕಿಯೊಳಗೆ ಬಗ್ಗಿಸಿ, ನೀರು ಹೊರಹೋಗುವ ತೂತಿಗೆ ಅದನ್ನು ಬಿಗಿಯಾಗಿ ತುರುಕಿದಳು. ನೀರು ನಿಂತಿತು. ಅರ್ಧ ಟಾಕಿ ಉಳಿಯಿತು. ಎಂಥ ಗಟ್ಟಿಗಿತ್ತಿ ಎಂದು ನನಗೆ ಕೈಮುಗಿಯಬೇಕೆನಿಸಿತು.

ಮಧ್ಯಾಹ್ನದೊಳಗೆ ಅವಳು ಒಡೆದ ಪೈಪ್ ಜೋಡಿಸಿ, ಕಾಲು ಸುತ್ತು ತಿರುವಿದರೆ ಮುಚ್ಚುವ ಹೊಸ ವಾಲ್ವ್ ಕೂಡಿಸಿ, ಟಾಕಿಯೊಳಗಿನ ದಿಂಡನ್ನು ಕಿತ್ತಳು. ಬಚ್ಚಲಿನ ಪೈಪಿಗೂ ಬೇರೊಂದು ಹಾಕಿ, ಅದು ಟೈಲ್ಸಿನ ಹಿಂದೆ ಹೂತುಹೋಗದಂತೆ ಕೈ ಹೋಗುವಷ್ಟು ಜಾಗ ಬಿಡಿಸಿದಳು. ಆಮೇಲೆ ಅಂದಪ್ಪನವರ ಕೈಯಿಂದಲೇ ಎರಡನ್ನೂ ತಿರುವಿಸಿದಳು.

"ತಪ್ಪು ನಂದವ್ವ," ಎಂದರು ಅವರು. "ಇನ್ನ ತಿಂಗಳಿಗೊಮ್ಮಿ ನಾನ ತಿರುವಿ ನೋಡತೀನಿ."

ಶಾಂಭವಿಯ ಕೂಸಿಗೆ ಆ ದಿನವೂ ಬಿಸಿನೀರು ತಪ್ಪಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಮನೆಯ ವಾಲ್ವನ್ನು ಮೆಲ್ಲಗೆ ತಿರುವಿ ನೋಡಿ. ತಿರುಗದಿದ್ದರೆ ಜಗ್ಗಾಡಬೇಡಿ, ಕೆಲಸ ಬಲ್ಲವರನ್ನು ಕರೆಸಿ. ರಿಪೇರಿ ಇಟ್ಟುಕೊಂಡಿದ್ದರೆ ಗೌಂಡಿ ಸುತ್ತಿಗೆ ಎತ್ತುವ ಮೊದಲೇ ಹೊಸದು ಹಾಕಿಸಿ. ಎಲ್ಲರ ಪಕ್ಕದ ಮನೆಯಲ್ಲೂ ಯಮನೂರಮ್ಮ ಇರುವುದಿಲ್ಲ.