ಹಳೆಯ ಹಸಿರು ಗೆರೆ

ಖ್ರೋನಿಂಗನ್ ಪ್ರಾಂತ್ಯದ ನಮ್ಮ ಉತ್ತರ ದಡದಲ್ಲಿ ಸಮುದ್ರ ದಿನಕ್ಕೆರಡು ಸಲ ಹಿಂದೆ ಸರಿಯುತ್ತದೆ, ಎರಡು ಸಲ ಮರಳಿ ಬರುತ್ತದೆ. ನೀರು ಸರಿದಾಗ ಆ ಕೆಸರಿನ ಬಯಲಲ್ಲಿ ನಡೆಯುವುದು ನಮ್ಮ ಜನರ ಹುಚ್ಚು. ಇಪ್ಪತ್ತೆಂಟು ವರ್ಷದಿಂದ ಅವರನ್ನು ನಡೆಸಿಕೊಂಡು ಹೋಗುವವಳು ನಾನು, ಹೇಸ್ಕೆ. ಚಳಿಗಾಲದ ಬಿರುಗಾಳಿಗೆ ಕೆಸರಿನೊಳಗಿನ ಕಾಲುವೆಗಳು ಜಾಗ ಬದಲಿಸುತ್ತವೆ. ಅದಕ್ಕೇ ಪ್ರತಿ ಮಾರ್ಚ್‌ನಲ್ಲಿ ಉದ್ದ ಕೋಲೂರಿ ಆಳ ನೋಡಿ, ಹೊಸ ದಾರಿ ಗುರುತು ಮಾಡುತ್ತೇನೆ. ನನ್ನ ತಮ್ಮ ವುಬ್ಬೊ ಅದನ್ನು ನಮ್ಮ ಆ್ಯಪಿನಲ್ಲಿ ಹಸಿರು ಗೆರೆಯಾಗಿ ಎಳೆಯುತ್ತಾನೆ. ದಡದ ಏರಿಗೆ ಹತ್ತಿರದ ಪಟ್ಟಿಯಲ್ಲಿ ಜನ ತಾವಾಗಿಯೇ ನಡೆಯಬಹುದು. ಹಾಗೆ ಹೋಗುವ ನಾಲ್ಕು ಸಾವಿರ ಜನ ಆ ಗೆರೆಯನ್ನೇ ನಂಬಿದ್ದಾರೆ.

ಈ ವರ್ಷ ಒಂದು ಕಾಲುವೆ ಸರಿದು ಬಂದು ಹಳೆಯ ಗೆರೆಯನ್ನೇ ಕತ್ತರಿಸಿಬಿಟ್ಟಿತು. ವುಬ್ಬೊ ಅವತ್ತೇ ತಿದ್ದಿ ಕಳಿಸಿದ. ಆದರೆ ಜನರ ಫೋನಿಗೆ ಏನು ಹೋಗಬೇಕಿದ್ದರೂ ಆ್ಯಪ್ ಅಂಗಡಿಯ ಬಾಗಿಲೊಂದೇ. ಅಂಗಡಿ ಅದನ್ನು ವಾಪಸು ಎಸೆಯಿತು. ಕಾರಣ, ಸೂಪು! ನಡೆದು ಬಂದವರಿಗೆ ಏರಿಯ ಪಕ್ಕದ ನಮ್ಮ ಶೆಡ್ಡಿನಲ್ಲಿ ಬಿಸಿ ಬಟಾಣಿ ಸೂಪಿದೆ, ಮೂರು ಯೂರೊ ಡಬ್ಬಿಗೆ ಹಾಕಿ ಎಂದು ನಾವು ಬರೆದಿದ್ದೆವು. ಸೂಪಿನ ಮಾತಿಲ್ಲದೆ ನಮ್ಮಲ್ಲಿ ಯಾರೂ ಯಾರನ್ನೂ ಕೆಸರಿಗೆ ಕರೆಯುವುದಿಲ್ಲ. ಆ್ಯಪಿನೊಳಗಿನ ಪ್ರತಿ ಮಾರಾಟದಲ್ಲೂ ಪಾಲು ಕೇಳುವ ಅಂಗಡಿಯ ಕಣ್ಣಿಗೆ ಅದು ತನ್ನ ಗಲ್ಲಾ ತಪ್ಪಿಸಿ ಮಾಡುವ ವ್ಯಾಪಾರವಾಗಿ ಕಂಡಿತು.

"ನನ್ನ ಸೂಪಲ್ಲೂ ಇವರಿಗೆ ಪಾಲು ಬೇಕಂತಾ?" ಎಂದೆ.

"ಊಟ-ತಿಂಡಿಗೆ ಆ ನಿಯಮ ಇಲ್ಲ ಅಂತ ಅವರ ಪುಸ್ತಕದಲ್ಲೇ ಇದೆ ಅಕ್ಕ. ಆದ್ರೆ ಓದೋರು ಯಾರು? ಆ ಸಾಲು ಕಿತ್ತಾಕ್ತೀನಿ ಬಿಡು."

ಕಿತ್ತು ಕಳಿಸಿದ. ಶೆಡ್ಡಿನ ಫೋಟೋದಲ್ಲಿ ಡಬ್ಬಿ ಕಾಣುತ್ತದೆಂದು ಮತ್ತೆ ವಾಪಸು ಬಂತು. ಫೋಟೋವನ್ನೂ ತೆಗೆದ. ಆಮೇಲೆ 'ಪರಿಶೀಲನೆಯಲ್ಲಿದೆ' ಎಂಬ ಒಂದು ಮಾತು ಬಿಟ್ಟರೆ ಮೂರು ವಾರ ಸದ್ದಿಲ್ಲ. ಅಲ್ಲಿ ಮಾತಾಡಲು ಒಬ್ಬ ಮನುಷ್ಯನೂ ಇಲ್ಲ, ಬೈಯಲೂ ಇಲ್ಲ. ಜಾಲತಾಣದಲ್ಲಿ ಎಚ್ಚರಿಕೆ ಹಾಕಿದೆವು. ಕೈಯಲ್ಲೇ ನಕ್ಷೆ ಇಟ್ಟುಕೊಂಡವರು ಅದನ್ನೇಕೆ ನೋಡುತ್ತಾರೆ? ಹಳೆಯ ಆ್ಯಪನ್ನು ಅಂಗಡಿಯಿಂದ ತೆಗೆಸಿದರೂ ಫೋನುಗಳಲ್ಲಿ ಕೂತದ್ದು ಕೂತೇ ಇರುತ್ತದೆ.

ಇಂಥ ಅಂಗಡಿಗಳಿಗೆ ಮೂಗುದಾರ ಹಾಕಲೆಂದೇ ಇರುವ ಸರ್ಕಾರಿ ಕಚೇರಿಗೆ ಫೋನು ಮಾಡಿದೆ. ಅಧಿಕಾರಿ ಬಹಳ ಸಭ್ಯ.

"ಕಾನೂನು ಪೂರ್ತಿ ನಿಮ್ಮ ಕಡೆ ಇದೆ ಮೇಡಂ. ದೂರು ಕೊಡಿ. ತನಿಖೆಗೆ ಒಂದು ವರ್ಷ ಆಗಬಹುದು."

"ಸ್ವಾಮಿ, ನಮ್ಮ ನೀರು ಆರೇ ಗಂಟೆಯೊಳಗೆ ವಾಪಸು ಬರತ್ತೆ!"

"ಅರ್ಥ ಆಗತ್ತೆ ಮೇಡಂ."

ಅವನಿಗೆ ಏನು ಅರ್ಥವಾಯಿತೋ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ನನಗೆ ಮೈಯೆಲ್ಲ ಉರಿದುಹೋಯಿತು.

ಯೇಸುವಿನ ಸ್ವರ್ಗಾರೋಹಣದ ರಜೆ ಬಂತು. ಊರೂರಿನ ಜನ ಕೆಸರಿಗಿಳಿಯುವ ದಿನ. ಬೆಳಗ್ಗೆಯೇ ಕೋಲು ಹಿಡಿದು ಏರಿಯ ಮೇಲೆ ನಿಂತು ಬಂದವರನ್ನೆಲ್ಲ ಹಿಂದೆ ಕಳಿಸುತ್ತಿದ್ದೆ. ದೂರದ ಉಟ್ರೆಕ್ಟ್ ನಗರದಿಂದ ಇಬ್ಬರು ಮಕ್ಕಳನ್ನು ಕರೆತಂದಿದ್ದ ಒಬ್ಬ ಅಪ್ಪ ಮಾತ್ರ ಜಗ್ಗಲಿಲ್ಲ. ಫೋನನ್ನು ನನ್ನ ಮುಖಕ್ಕೆ ಹಿಡಿದ.

"ನೋಡಿ ಅಜ್ಜಿ, ಹಸಿರು ಇದೆ. ಹೇಸ್ಕೆ ಅನ್ನೋರೇ ಅಳೆದಿದ್ದು ಅಂತ ಬರೆದಿದೆ. ಅವರಿಗಿಂತ ಜಾಸ್ತಿ ಗೊತ್ತಾ ನಿಮಗೆ?"

"ಆ ಹೇಸ್ಕೆ ನಾನೇ ಕಣಪ್ಪ. ಆ ಗೆರೆ ತಪ್ಪು."

ಅವನು ನಕ್ಕುಬಿಟ್ಟ. "ತಪ್ಪು ಅಂತ ಗೊತ್ತಿದ್ದೂ ಸರಿ ಮಾಡಿಲ್ವಾ? ಎಂಥ ಜನ ನೀವು?"

ಸೂಪು, ಡಬ್ಬಿ, ಅಂಗಡಿ ಎಂದರೆ ಯಾರು ನಂಬುತ್ತಾರೆ? ಅವರ ಜೊತೆಗೇ ಇಳಿದೆ. ಅರ್ಧ ಗಂಟೆ ನಡೆದ ಮೇಲೆ ಹಸಿರು ಗೆರೆಯ ಮೇಲೆಯೇ ಕಾಲುವೆ ಅಡ್ಡ ಸಿಕ್ಕಿತು. ದಂಡೆಯಲ್ಲಿ ನಿಂತು ಕೋಲನ್ನು ನೀರಿಗಿಳಿಸಿ, ತೆಗೆದು, ಅವನ ಚಿಕ್ಕ ಮಗಳ ಪಕ್ಕ ನಿಲ್ಲಿಸಿದೆ. ಒದ್ದೆ ಗುರುತು ಮಗುವಿನ ತಲೆಗಿಂತ ಒಂದು ಗೇಣು ಮೇಲಿತ್ತು. ಅವನ ಮುಖ ಬಿಳಿಚಿಕೊಂಡಿತು. ಮಗಳನ್ನು ಎತ್ತಿಕೊಂಡು ಏರಿಗೆ ವಾಪಸು ನಡೆದ.

ಸೂಪಿಗೂ ನಿಲ್ಲದೆ ಅವನು ಕಾರು ಹತ್ತಿದ. ಸ್ವಲ್ಪ ಹೊತ್ತಿಗೆ ವುಬ್ಬೊ ಫೋನು ಹಿಡಿದು ಬಂದ. ಅಂಗಡಿಯಲ್ಲಿ ನಮ್ಮ ಆ್ಯಪಿಗೆ ಆ ಅಪ್ಪನಿಂದ ಐದರಲ್ಲಿ ಒಂದೇ ನಕ್ಷತ್ರ ಬಿದ್ದಿತ್ತು. 'ಪ್ರಾಣಾಪಾಯ. ಮಕ್ಕಳು ಸಾಯುತ್ತಿದ್ದರು. ಮಾಡಿದವಳಿಗೇ ಗೊತ್ತು, ಆದರೂ ತಿದ್ದಿಲ್ಲ.'

"ಯಾವಾಗ ಬರೆದಿದ್ದಂತೆ?" ಎಂದೆ.

"ಈಗ ತಾನೇ ಅಕ್ಕ. ಒಂದು ನಿಮಿಷ ಆಗಿರಬಹುದು."

ಅದೇ ಅಂಗಡಿಯಲ್ಲಿ ಅವನ ಮಾತು ಒಂದು ನಿಮಿಷದಲ್ಲಿ ಎಲ್ಲರ ಕಣ್ಣಿಗೆ ಬಿದ್ದಿತ್ತು. ಅದರ ಪಕ್ಕದಲ್ಲೇ ನನ್ನ ಹೊಸ ಗೆರೆ ಇನ್ನೂ ಪರಿಶೀಲನೆಯಲ್ಲಿತ್ತು. ಕೋಲು ತೆಗೆದುಕೊಂಡು ಮತ್ತೆ ಏರಿ ಹತ್ತಿದೆ. ಕೆಳಗೆ ಇನ್ನೊಂದು ಕಾರು ಬಂದು ನಿಂತಿತ್ತು.