ಧಣಿಯ ಪಂಚೆ ಕೆಂಪಾದದ್ದು

ಏಳು ಕಡಲಿನಾಚೆ ಒಂದು ಮರ, ಮರದಲ್ಲೊಂದು ಗಿಳಿ, ಆ ಗಿಳಿಯೊಳಗೆ ರಾಕ್ಷಸನ ಜೀವ. ನನ್ನಜ್ಜಿಯ ಕಥೆಗಳು ಶುರುವಾಗುತ್ತಿದ್ದದ್ದು ಹೀಗೆ. ವಿಟ್ಲದಾಚೆಯ ನಮ್ಮೂರಿನ ಧಣಿಗೆ ಅಷ್ಟು ದೂರದ ಏರ್ಪಾಟೇನೂ ಬೇಕಿರಲಿಲ್ಲ. ಅವರ ಜೀವ ಇದ್ದದ್ದು ಬಿಳಿ ಪಂಚೆಯಲ್ಲಿ.

ಆ ಪಂಚೆ ಒಗೆಯುವ ಕಲ್ಲಿನ ಮೇಲೆ, ಸೋಪಿನ ನೊರೆಯ ನಡುವೆ, ಅಂಗೈಯಗಲ ಕೆಂಪಾಗಿ ಬಿದ್ದಿತ್ತು.

"ಯಾವ ರಂಡೆ ಮುಟ್ಟಿದ್ದು ಇದನ್ನು?"

ಕೂಗಿದ್ದು ಧಣಿಯ ಹೆಂಡತಿ ಮೋಹಿನಿಯಮ್ಮ. ಕಲೆಯನ್ನು ಮೊದಲು ಕಂಡದ್ದು ಮಾತ್ರ ಪಕ್ಕದಲ್ಲಿ ಮೂಗು ಮುಚ್ಚಿ ನಿಂತಿದ್ದ ಭಟ್ರು. ಮರುದಿನದ ತಂಬಿಲಕ್ಕೆ, ಅಂದರೆ ನಾಗನ ದೊಡ್ಡ ಪೂಜೆಗೆ, ಏನೇನು ಬೇಕೆಂದು ಹೇಳಲು ಬಂದವರು, ಬಾವಿಕಟ್ಟೆಯ ಕಡೆ ಕಣ್ಣು ಹಾಯಿಸಿದ್ದರು.

"ನಾಗನ ಪೂಜೆಗೆ ಉಟ್ಟ ಪಂಚೆ," ಎಂದರು. "ಮುಟ್ಟಾದವಳು ಮುಟ್ಟಿದ್ದಾಳೆ. ರಕ್ತ ಕಾಣುವುದಿಲ್ವಾ?"

ಹಿಂದಿನ ದಿನ ನಾಗನ ಕಲ್ಲಿಗೆ ಅರಿಶಿನ ಹಚ್ಚಿದ ಕೈಯನ್ನು ಧಣಿ ಒರೆಸಿಕೊಂಡದ್ದು ಅದೇ ಪಂಚೆಗೆ. ಆ ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ. ಆದರೆ ಅದರೊಳಗೆ ಸೊಸೆಯ ಒಳಬಟ್ಟೆಯೂ ತಿರುಗುತ್ತದೆಂದು ಪೂಜೆಯ ಬಟ್ಟೆಗಳೆಲ್ಲ ನನ್ನಮ್ಮ ಪದ್ಮಾಕ್ಷಿಯ ಕೈಗೆ. ನಮ್ಮ ಕೈ ತಾಗಿದ್ದಕ್ಕೆ ಆಮೇಲೆ ಒಂದು ತಂಬಿಗೆ ನೀರು ಚಿಮುಕಿಸಿದರೆ ಸಾಕು, ಬಟ್ಟೆ ಶುದ್ಧ. ಅಷ್ಟು ಅಗ್ಗದ ಮಡಿ.

ಅಮ್ಮ ಸೊಂಟ ನೆಟ್ಟಗೆ ಮಾಡಿದಳು. "ನನ್ನದು ನಿಂತು ಐದು ವರ್ಷ ಆಯ್ತು ಭಟ್ರೇ. ಅದು ಅರಿಶಿನ. ಸೋಪು ತಾಗಿ ಕೆಂಪಾದದ್ದು."

"ಬಾಯಿ ಮುಚ್ಚು ಬೇವರ್ಸಿ! ಭಟ್ರ ಎದುರು ಹೇಳುವ ಮಾತಾ ಅದು?" ಮೋಹಿನಿಯಮ್ಮ ಗದರಿದರು.

"ಕೇಳಿದ್ದು ಅವರೇ ಅಲ್ವಾ ಅಮ್ಮ," ಎಂದಳು ನನ್ನಮ್ಮ.

ಭಟ್ರ ಕಣ್ಣು ನೀರು ಸೇದುತ್ತಿದ್ದ ನನ್ನ ಮೇಲೆ ಬಿತ್ತು. "ಹಾಗಾದ್ರೆ ಮಗಳು. ನಿನ್ನದು ಯಾವಾಗ ಆದದ್ದು ಹುಡುಗಿ?"

ಚಾವಡಿಯಲ್ಲಿ ಧಣಿ, ಅವರ ಮಗ ಶ್ರವಣ್, ಶಾಮಿಯಾನ ಕಟ್ಟಲು ಬಂದ ನಾಲ್ಕೈದು ಗಂಡಸರು. ಎಲ್ಲರೂ ನನ್ನ ಉತ್ತರಕ್ಕೆ ಕಾದರು. ಹಗ್ಗ ನನ್ನ ಕೈಯಿಂದ ಜಾರಿ ಕೊಡಪಾನ ಬಾವಿಗೆ ಬಿತ್ತು.

ಶ್ರವಣ್ ಮೂಡುಬಿದಿರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಪಿಯುಸಿಯಲ್ಲಿ ನನಗೂ ಕಲಿಸಿದವನು. ಅರಿಶಿನ ಬಳಿದ ಕಾಗದಕ್ಕೆ ಸೋಪಿನ ನೀರು ಬಿಟ್ಟು, ಅದು ಕೆಂಪಾದಾಗ 'ನೋಡಿ ಮ್ಯಾಜಿಕ್' ಎಂದು ನಕ್ಕವನು.

"ಸರ್, ನೀವೇ ತೋರಿಸಿದ್ದಲ್ವಾ? ಹೇಳಿ ಸರ್."

ಅವನು ಅಪ್ಪನನ್ನು ನೋಡಿದ, ಭಟ್ರನ್ನು ನೋಡಿದ, ಕೊನೆಗೆ ಮೊಬೈಲನ್ನು ನೋಡಿದ.

"ಕಾಲೇಜಿನದ್ದು ಕಾಲೇಜಲ್ಲಿ, ಚಿತ್ರಾ. ಇಲ್ಲಿ ತರಬೇಡ."

ಅಂಥ ಡಿಗ್ರಿಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ, ಗಂಧದ ಹಾರ ಬೇರೆ.

ಭಟ್ರ ತೀರ್ಪಾಯಿತು. ನಾಳೆ ತಂಬಿಲದಲ್ಲಿ ಬಂದವರೆಲ್ಲರ ಎದುರು ನಾನು 'ಮುಟ್ಟಾಗಿ ಮುಟ್ಟಿದೆ' ಎಂದು ಬಾಯಿಬಿಟ್ಟು ಹೇಳಿ ತಪ್ಪು ಕಾಣಿಕೆ ಹಾಕಬೇಕು. ಇಲ್ಲವಾದರೆ ಧಣಿಯ ಜಾಗದಲ್ಲಿರುವ ನಮ್ಮ ಮನೆ ಖಾಲಿ ಮಾಡಬೇಕು. ಮತ್ತೆ ಶುದ್ಧಿ: ನಾಳೆ ಉಡುವ ಬಿಳಿ ಬಟ್ಟೆಗಳನ್ನೆಲ್ಲ ಅರಿಶಿನ ನೀರಲ್ಲಿ ಅದ್ದಿ, ಗಟ್ಟಿ ಸೋಪು ಹಾಕಿ ಒಗೆದು, ಸಂಜೆ ನೆಂಟರು ಬರುವುದರೊಳಗೆ ಅಂಗಳದಲ್ಲಿ ಒಣಹಾಕಬೇಕು.

ಮೋಹಿನಿಯಮ್ಮನ ಬಾಯಿ ತೆರೆಯಿತು. ಹಾಗೆಯೇ ಮುಚ್ಚಿತು.

"ಮಾಡ್ತೇನೆ ಭಟ್ರೇ," ಎಂದಳು ಅಮ್ಮ. "ನೀವು ಹೇಳಿದ ಹಾಗೆಯೇ ಮಾಡ್ತೇನೆ."

ದೊಡ್ಡ ಹಂಡೆಯಲ್ಲಿ ಅರಿಶಿನ ಕದಡಿ ಪಂಚೆ, ಶಾಲು, ಅಂಗಿ, ಜರಿಯಂಚಿನ ಬಿಳಿ ಸೆಟ್ ಸೀರೆ ಎಲ್ಲ ಮುಳುಗಿಸಿದೆವು. ಭಟ್ರು ಗೇಟು ದಾಟಿದ್ದೇ ತಡ, ಮೋಹಿನಿಯಮ್ಮ ಹಿತ್ತಿಲಿಗೆ ಬಂದರು. ದನಿಯಲ್ಲಿ ಬೆಣ್ಣೆ.

"ಸೋಪು ಹಾಕ್ಬೇಡ ಪದ್ದು. ಬರೀ ನೀರಲ್ಲಿ ಹಿಂಡು, ಸಾಕು."

"ಯಾಕಮ್ಮ?"

ಮಗುವಿಗೆ ಅರಿಶಿನ ಹಚ್ಚಿ ಸೋಪು ಹಾಕಿ ಮೀಯಿಸಿದ ಯಾವ ಹೆಂಗಸಿಗೆ ಆ ಕೆಂಪು ಗೊತ್ತಿಲ್ಲ? ಅವರಿಗೂ ಮೊದಲಿಂದಲೇ ಗೊತ್ತಿತ್ತು. ಅದನ್ನು ಹೇಳಲು ಮಾತ್ರ ಅವರ ಬಾಯಿಗೆ ದಾರಿ ಇರಲಿಲ್ಲ.

"ಸುಮ್ಮನೆ ಹೇಳಿದ್ದು ಮಾಡು ಮಾರಾಯ್ತಿ."

"ದೇವರ ಕೆಲಸ ಅಮ್ಮ. ಭಟ್ರು ಗಟ್ಟಿ ಸೋಪು ಅಂದಿದ್ದಾರೆ. ಬೇಡ ಅಂತ ಅವರ ಹತ್ತಿರವೇ ಹೇಳಿ, ನಾನು ಬಿಡ್ತೇನೆ. ಯಾಕೆ ಬೇಡ ಅಂತ ಕೂಡ ಹೇಳಿ, ಆಯ್ತಾ?"

ಮೋಹಿನಿಯಮ್ಮ ಒಳಗೆ ಹೋದರು. ಭಟ್ರಿಗೆ ಫೋನು ಹೋಗಲಿಲ್ಲ.

ಅಮ್ಮ ಸೋಪಿನ ಜೊತೆ ಒಂದು ಹಿಡಿ ಒಗೆಯುವ ಸೋಡಾವನ್ನೂ ಸುರಿದಳು. ಸೋಡಾ ತಿಂದು ಒಡೆದ ಅವಳ ಅಂಗೈ ಉರಿಯುತ್ತಿತ್ತು, ನನಗೆ ಗೊತ್ತು. ಆದರೂ ಉಜ್ಜಿದಳು. ಹಳದಿ ನೋಡನೋಡುತ್ತ ಕೆಂಪಾಯಿತು.

"ಜಾಲಾಡುವುದು ಬೇಡ ಮಗಾ," ಎಂದಳು. "ಜಾಲಾಡಿದ್ರೆ ಬಣ್ಣ ಹೋಗ್ತದೆ. ಭಟ್ರು ಜಾಲಾಡ್ಲಿಕ್ಕೆ ಹೇಳ್ಲಿಲ್ಲ."

ಹಾಗೆಯೇ ಹಿಂಡಿ ಅಂಗಳದುದ್ದಕ್ಕೂ ತಂತಿಗೆ ಹಾಕುತ್ತ ಹೋದೆವು. ಧಣಿಯ ಪಂಚೆಗಳು, ಮೋಹಿನಿಯಮ್ಮನ ಸೆಟ್ ಸೀರೆ, ಕೆಮಿಸ್ಟ್ರಿ ಲೆಕ್ಚರರನ ರೇಷ್ಮೆ ಅಂಗಿ. ಎಲ್ಲದರಿಂದಲೂ ಕೆಂಪು ನೀರು ತೊಟ್ಟಿಕ್ಕಿ ಸಿಮೆಂಟಿನ ಅಂಗಳದಲ್ಲಿ ಹರಿಯಿತು.

ಮಂಗಳೂರಿನ ನೆಂಟರ ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಇಳಿದವರು ಬಾಗಿಲು ಹಿಡಿದುಕೊಂಡೇ ಉಳಿದರು. ಒಬ್ಬ ಮುದುಕಿ, "ಅಯ್ಯೋ ದೇವರೇ, ಇದೆಂತ ರಕ್ತ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಧಣಿ ಚಾವಡಿಯಿಂದ ಓಡಿಬಂದರು. "ತೆಗಿ! ತೆಗಿ ಅದನ್ನೆಲ್ಲ, ನಾಯಿಗೆ ಹುಟ್ಟಿದವಳೇ!"

ಅಮ್ಮ ತೆಗೆಯಲಿಲ್ಲ. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಶಾಲನ್ನು ಕೊಡವಿದಳು. ಕೆಂಪು ಹನಿಗಳು ಧಣಿಯ ಮೈಮೇಲಿನ ಬನಿಯನ್ನಿಗೆ ಹಾರಿದವು.

"ಇಷ್ಟರಲ್ಲಿ ನನ್ನ ಮಗಳ ರಕ್ತ ಯಾವುದು ಅಂತ ಭಟ್ರು ಬಂದು ತೋರಿಸ್ಲಿ," ಎಂದಳು. ಶಾಲನ್ನು ತಂತಿಗೆ ಎಳೆದು ಹಾಕಿ, ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದಳು. "ಒಗೆದು ಆಯ್ತು ಧಣಿ."